ಗೋಡೆಯೊಳಗಿನ ತಂತಿಗೆ ಎರಡನೇ ಕೆಲಸ

ದೊಡ್ಡ ವಿದ್ಯುತ್ ಸಬ್‌ಸ್ಟೇಷನ್‌ನ ಬೇಲಿಯಾಚೆ ನಿಂತು ತಲೆಯೆತ್ತಿ ನೋಡಿ. ಹೈಟೆನ್ಷನ್ ತಂತಿಗಳು ಒಳಗೆ ಇಳಿಯುವ ಜಾಗದಲ್ಲಿ ದಪ್ಪನೆಯ ಟೊಳ್ಳು ಸುರುಳಿಗಳು ಕೆಲವೆಡೆ ಕಾಣುತ್ತವೆ. ಅವಕ್ಕೆ ವೇವ್ ಟ್ರ್ಯಾಪ್ ಎಂದು ಹೆಸರು. ಕೆಪಿಟಿಸಿಎಲ್ ಸೇರಿದಂತೆ ನಮ್ಮ ದೇಶದ ವಿದ್ಯುತ್ ಸಂಸ್ಥೆಗಳು ಒಂದು ಸಬ್‌ಸ್ಟೇಷನ್ನಿನಿಂದ ಇನ್ನೊಂದಕ್ಕೆ ಫೋನ್ ಮಾತು, ಮೀಟರಿನ ಅಂಕಿ, ‘ಕೂಡಲೇ ಟ್ರಿಪ್ ಆಗು’ ಎಂಬ ಆಜ್ಞೆ ಇವನ್ನೆಲ್ಲ ದಶಕಗಳಿಂದ ಕಳಿಸುತ್ತ ಬಂದದ್ದು ಅದೇ ಹೈಟೆನ್ಷನ್ ತಂತಿಗಳ ಮೇಲೆ. 50 ಹರ್ಟ್ಸ್‌ನ ವಿದ್ಯುತ್ತು ಸುರುಳಿಯೊಳಗೆ ಸಲೀಸಾಗಿ ಹಾದುಹೋಗುತ್ತದೆ; ಸಾವಿರಾರು ಪಟ್ಟು ಚುರುಕಾಗಿ ಕಂಪಿಸುವ ಸಂದೇಶದ ಅಲೆಗೆ ಅದೇ ಸುರುಳಿ ಅಡ್ಡಗಟ್ಟೆ. ಹಾಗಾಗಿ ಸಂದೇಶ ಸಬ್‌ಸ್ಟೇಷನ್ನಿನ ಯಂತ್ರಗಳೊಳಗೆ ಸೋರಿಹೋಗದೆ ಪಕ್ಕದ ಕೆಪಾಸಿಟರ್ ಮೂಲಕ ರಿಸೀವರ್ ಪೆಟ್ಟಿಗೆಗೆ ಇಳಿಯುತ್ತದೆ. ಈಗ ಆಪ್ಟಿಕಲ್ ಫೈಬರ್ ಈ ಕೆಲಸವನ್ನು ವಹಿಸಿಕೊಳ್ಳುತ್ತಿದ್ದರೂ ಹಳೆಯ ಲೈನುಗಳಲ್ಲಿ ಸುರುಳಿಗಳು ಇನ್ನೂ ಇವೆ.

ಇದೇ ತತ್ತ್ವ ಮನೆಯೊಳಗೂ ಬಂದಿದೆ. ಮುಂದಿನ ಕೋಣೆಯ ರೌಟರ್‌ಗೆ ಒಂದು ಪುಟ್ಟ ಅಡಾಪ್ಟರನ್ನು ಲ್ಯಾನ್ ಕೇಬಲ್ಲಿನಿಂದ ಜೋಡಿಸಿ ಗೋಡೆಯ ಪ್ಲಗ್ ಪಾಯಿಂಟಿಗೆ ಸಿಕ್ಕಿಸುವುದು, ಹಿಂದಿನ ಕೋಣೆಯ ಪಾಯಿಂಟಿಗೆ ಅದರ ಜೋಡಿಯನ್ನು ಸಿಕ್ಕಿಸಿ ಅಲ್ಲಿಂದ ಕಂಪ್ಯೂಟರಿಗೋ ಟಿವಿಗೋ ಇನ್ನೊಂದು ಲ್ಯಾನ್ ಕೇಬಲ್ ಎಳೆಯುವುದು. ಅಷ್ಟೇ. ಇಂಟರ್ನೆಟ್ಟು ಗೋಡೆಯೊಳಗಿನ ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ಮೇಲೆ ಓಡುತ್ತದೆ. ಇದಕ್ಕೆ ಪವರ್‌ಲೈನ್ ನೆಟ್‌ವರ್ಕ್ ಎನ್ನುತ್ತಾರೆ. ಮುರಕಲ್ಲಿನ ದಪ್ಪ ಗೋಡೆಯ ಕರಾವಳಿ ಮನೆ, ಎರಡು ಆರ್‌ಸಿಸಿ ಚಪ್ಪಡಿ ದಾಟಿ ವೈಫೈ ತಲುಪಬೇಕಾದ ಮೂರಂತಸ್ತಿನ ನಗರದ ಮನೆ, ಗೋಡೆ ಕೊರೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆ: ಇಂಥ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಸಾಧನ. ಆದರೆ ಒಬ್ಬರ ಮನೆಯಲ್ಲಿ ಸೊಗಸಾಗಿ ನಡೆದದ್ದು ಪಕ್ಕದ ಮನೆಯಲ್ಲಿ ಕುಂಟುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಗೋಡೆಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಆಲೋಚನೆ ಹಳೆಯದು. ಅಮೆರಿಕದ ಸೇನಾಧಿಕಾರಿ ಜಾರ್ಜ್ ಓವೆನ್ ಸ್ಕ್ವಯರ್ ತಂತಿಯ ಮೇಲೆ ರೇಡಿಯೋ ಅಲೆ ಕಳಿಸುವ ವಿಧಾನವನ್ನು 1910ರ ಸುಮಾರಿಗೇ ತೋರಿಸಿದ್ದರು. 1920ರ ದಶಕದಲ್ಲಿ ವಿದ್ಯುತ್ ತಂತಿಗಳ ಮೂಲಕ ಮನೆಗಳಿಗೆ ಸಂಗೀತ ಹಂಚುವ ಪ್ರಯತ್ನವೂ ಅವರ ಪೇಟೆಂಟುಗಳ ಬಲದಿಂದಲೇ ನಡೆಯಿತು. 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಕಂಪನಿ ಎಕ್ಸ್-10 ಎಂಬ ಪದ್ಧತಿಯನ್ನು ರೂಪಿಸಿತು. ಎಸಿ ವಿದ್ಯುತ್ತಿನ ವೋಲ್ಟೇಜ್ ಏರಿಳಿಯುತ್ತ ಸೊನ್ನೆ ದಾಟುವ ಕ್ಷಣದಲ್ಲಿ ತಂತಿ ತುಸು ಶಾಂತವಾಗಿರುತ್ತದಲ್ಲ, ಆಗ 120 ಕಿಲೋಹರ್ಟ್ಸ್‌ನ ಒಂದು ಸಣ್ಣ ಮಿಡಿತ ಕಳಿಸಿದರೆ ಅದು ‘ಒಂದು’, ಕಳಿಸದಿದ್ದರೆ ‘ಸೊನ್ನೆ’. ದೀಪ ಹಚ್ಚಿ ಆರಿಸಲು ಅದು ಸಾಕಿತ್ತು. ಸಿನಿಮಾ ನೋಡಲು ಸಾಲದು. ಇಂಟರ್ನೆಟ್ಟಿಗೆ ತಕ್ಕ ಮಾನದಂಡವನ್ನು ರೂಪಿಸಲು ಹೋಮ್‌ಪ್ಲಗ್ ಎಂಬ ಕಂಪನಿಗಳ ಕೂಟ 2000ದಲ್ಲಿ ಹುಟ್ಟಿತು. ಅದರ 2001ರ ಮೊದಲ ಮಾನದಂಡ ಸೆಕೆಂಡಿಗೆ 14 ಮೆಗಾಬಿಟ್ ಎಂದರೆ, 2005ರ ‘ಹೋಮ್‌ಪ್ಲಗ್ ಎವಿ’ 200 ಎಂದಿತು. 2012ರಲ್ಲಿ ಎವಿ-2 ಬಂತು. ಇಂದು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಬಹಳಷ್ಟು ಈ ಕುಟುಂಬದವು; ಜಿ.ಎಚ್‌ಎನ್ ಎಂಬ ಇನ್ನೊಂದು ಕುಟುಂಬವೂ ಇದೆ, ಇವೆರಡೂ ಒಂದರೊಡನೊಂದು ಮಾತಾಡುವುದಿಲ್ಲ. ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಬೇಕು.

230 ವೋಲ್ಟ್ ಹರಿಯುವ ತಂತಿಗೆ ಸೂಕ್ಷ್ಮವಾದ ಚಿಪ್ಪನ್ನು ಜೋಡಿಸಿದರೆ ಅದು ಸುಡುವುದಿಲ್ಲವೇ? ಇಲ್ಲೂ ಕಾವಲು ಕಾಯುವುದು ಕೆಪಾಸಿಟರೇ. ಲೆಕ್ಕಕ್ಕೆ 10 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಇದೆ ಎಂದಿಟ್ಟುಕೊಳ್ಳಿ. 50 ಹರ್ಟ್ಸ್‌ಗೆ ಅದು ಒಡ್ಡುವ ತಡೆ ಮೂರು ಲಕ್ಷ ಓಮ್‌ಗೂ ಹೆಚ್ಚು. ಮನೆಯ ವಿದ್ಯುತ್ತಿನಲ್ಲಿ ಒಂದು ಮಿಲಿಆಂಪಿಯರ್ ಕೂಡ ಒಳಗೆ ಹೋಗಲಾರದು. ಅದೇ ಕೆಪಾಸಿಟರ್ 10 ಮೆಗಾಹರ್ಟ್ಸ್‌ನ ಅಲೆಗೆ ಒಡ್ಡುವ ತಡೆ ಬರೀ ಒಂದೂವರೆ ಓಮ್. ಅದರ ಹಿಂದೆ ಒಂದು ಪುಟಾಣಿ ಟ್ರಾನ್ಸ್‌ಫಾರ್ಮರ್ ಇಟ್ಟು ಚಿಪ್ಪನ್ನು ತಂತಿಯಿಂದ ಪೂರ್ತಿ ಬೇರ್ಪಡಿಸಿರುತ್ತಾರೆ. ಹೋಮ್‌ಪ್ಲಗ್ ಎವಿ ಬಳಸುವ ಅಲೆಗಳು ಸುಮಾರು 2ರಿಂದ 30 ಮೆಗಾಹರ್ಟ್ಸ್‌ವರೆಗಿನವು, ಎವಿ-2 ಅದನ್ನು 86ರವರೆಗೆ ಹಿಗ್ಗಿಸಿತು.

ಅಲೆಯನ್ನು ತಂತಿಗೆ ಇಳಿಸುವುದು ಸುಲಭ. ಅದು ಆ ಕಡೆ ತಲುಪುವುದು ಕಷ್ಟ.

ಲ್ಯಾನ್ ಕೇಬಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಂದೇಶ ಒಯ್ಯಲೆಂದೇ ಹೆಣೆದಿರುತ್ತಾರೆ. ಮನೆಯ ವೈರಿಂಗು ಕವಲೊಡೆಯುತ್ತ ಹೋಗುವ ಬಳ್ಳಿ. ಮೇನ್ ಬೋರ್ಡಿನಿಂದ ಹೊರಟದ್ದು ಒಂದೊಂದು ಎಂಸಿಬಿಯಿಂದ ಒಂದೊಂದು ದಿಕ್ಕಿಗೆ, ಅಲ್ಲಿಂದ ಜಂಕ್ಷನ್ ಬಾಕ್ಸಿಗೆ, ಅಲ್ಲಿಂದ ಸ್ವಿಚ್‌ಬೋರ್ಡಿಗೆ, ಫ್ಯಾನಿಗೆ, ಏನನ್ನೂ ಸಿಕ್ಕಿಸದ ಖಾಲಿ ಪ್ಲಗ್ ಪಾಯಿಂಟಿಗೆ. 50 ಹರ್ಟ್ಸ್‌ಗೆ ಖಾಲಿ ಪಾಯಿಂಟ್ ಇದ್ದರೂ ಇಲ್ಲದಿದ್ದರೂ ಒಂದೇ. ಮೆಗಾಹರ್ಟ್ಸ್ ಅಲೆಗೆ ಹಾಗಲ್ಲ. ತಂತಿಯೊಳಗೆ ಅಲೆ ಬೆಳಕಿನ ವೇಗದ ಸುಮಾರು ಮೂರನೇ ಎರಡರಷ್ಟು ವೇಗದಲ್ಲಿ ಸಾಗುತ್ತದೆ ಎಂದುಕೊಂಡರೆ, 10 ಮೆಗಾಹರ್ಟ್ಸ್ ಅಲೆಯ ಉದ್ದ 20 ಮೀಟರ್. ಅದರ ಕಾಲು ಭಾಗ, ಅಂದರೆ 5 ಮೀಟರ್ ಉದ್ದದ ಕವಲೊಂದು ಖಾಲಿ ಪಾಯಿಂಟಿನಲ್ಲಿ ಕೊನೆಯಾಗಿದೆ ಅನ್ನಿ. ಅಲೆ ಆ ಕವಲಿಗೆ ನುಗ್ಗಿ, ತುದಿಗೆ ಬಡಿದು, ವಾಪಸ್ಸು ಬರುವಷ್ಟರಲ್ಲಿ ಅರ್ಧ ಸುತ್ತು ಹಿಂದೆ ಬಿದ್ದಿರುತ್ತದೆ. ಕವಲಿನ ಬಾಯಿಯಲ್ಲಿ ಆಗತಾನೆ ಬರುತ್ತಿರುವ ಅಲೆ ಏರುವಾಗ ಇದು ಇಳಿಯುತ್ತಿರುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಯಾರೂ ಮುಟ್ಟದ ಒಂದು ಖಾಲಿ ಪಾಯಿಂಟು ಅದೊಂದು ಆವರ್ತನವನ್ನು ಹೀಗೆ ನುಂಗಿಬಿಡುತ್ತದೆ. ಬೇರೆ ಉದ್ದದ ಕವಲು ಬೇರೆ ಆವರ್ತನವನ್ನು ನುಂಗುತ್ತದೆ. ಇದು ಯಂತ್ರದ ದೋಷವೂ ಅಲ್ಲ, ವೈರ್‌ಮನ್‌ನ ದೋಷವೂ ಅಲ್ಲ. ಈ ತಂತಿಗೆ ಈ ಕೆಲಸ ಬರುತ್ತದೆಂದು ಮನೆ ಕಟ್ಟುವಾಗ ಯಾರೂ ಎಣಿಸಿರಲಿಲ್ಲ.

ಇದರ ಮೇಲೆ ಗದ್ದಲ ಬೇರೆ. ಮಿಕ್ಸಿಯ ಮೋಟರಿನ ಕಾರ್ಬನ್ ಬ್ರಶ್ಶುಗಳ ಕಿಡಿ, ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಎಲ್ಲವೂ ಇದೇ ಆವರ್ತನಗಳಲ್ಲಿ ಕೂಗುತ್ತವೆ. ಚಾರ್ಜರಿನದು ಇನ್ನೂ ವಿಚಿತ್ರ: ಅದರ ಡಯೋಡುಗಳು ವೋಲ್ಟೇಜು ತುದಿ ಮುಟ್ಟುವ ಹೊತ್ತಿಗೆ ಮಾತ್ರ ತೆರೆದುಕೊಳ್ಳುವುದರಿಂದ, ತಂತಿಯ ಗುಣವೇ ಸೆಕೆಂಡಿಗೆ ನೂರು ಸಲ ಬದಲಾಗುತ್ತದೆ.

ಇಂಥ ದಾರಿಯಲ್ಲಿ ಮಾಹಿತಿ ಸಾಗಿಸಲು ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ತುಂಬ ಮೆಚ್ಚುಗೆಯಾದದ್ದು. ಹೊರೆ ಹೊತ್ತ ಸಾವಿರ ಜನ ಅಗಲವಾದ ಹೊಳೆಯನ್ನು ಸಾಲಾಗಿ ನಿಂತು ಒಟ್ಟಿಗೇ ದಾಟಬೇಕಾಗಿದೆ ಎಂದುಕೊಳ್ಳಿ. ಮೊಣಕಾಲುದ್ದ ನೀರಿರುವ ಕಡೆ ಇಳಿಯುವವನ ತಲೆಮೇಲೆ ಪೂರ್ತಿ ಮೂಟೆ, ಎದೆಮಟ್ಟ ಇರುವಲ್ಲಿ ಸಣ್ಣ ಗಂಟು, ಮಡು ಇರುವಲ್ಲಿ ಯಾರನ್ನೂ ಇಳಿಸುವುದಿಲ್ಲ. ಹೋಮ್‌ಪ್ಲಗ್ ಎವಿ ತನ್ನ ಆವರ್ತನಗಳ ಹರವನ್ನು 1155 ಸಣ್ಣ ವಾಹಕ ಅಲೆಗಳಾಗಿ ಒಡೆದು ಇದನ್ನೇ ಮಾಡುತ್ತದೆ. ಎರಡು ಅಡಾಪ್ಟರುಗಳು ಮೊದಲು ಪರಸ್ಪರ ಪರೀಕ್ಷಾ ಸಂಕೇತ ಕಳಿಸಿ, ಯಾವ ಅಲೆ ಎಷ್ಟು ಸ್ಪಷ್ಟವಾಗಿ ತಲುಪಿತು ಎಂದು ಅಳೆಯುತ್ತವೆ. ಚೆನ್ನಾಗಿ ತಲುಪಿದ ಅಲೆಯ ಮೇಲೆ ಒಂದು ಸಲಕ್ಕೆ 10 ಬಿಟ್, ತೊದಲುವ ಅಲೆಯ ಮೇಲೆ ಒಂದೇ ಬಿಟ್, ಖಾಲಿ ಪಾಯಿಂಟು ನುಂಗಿದ ಅಲೆಯ ಮೇಲೆ ಏನೂ ಇಲ್ಲ. ಈ ಹಂಚಿಕೆಯ ಪಟ್ಟಿ ಒಂದೇ ಇರುವುದಿಲ್ಲ. 50 ಹರ್ಟ್ಸ್‌ನ ಏರಿಳಿತದ ಬೇರೆ ಬೇರೆ ಘಟ್ಟಗಳಿಗೆ ಬೇರೆ ಬೇರೆ ಪಟ್ಟಿ. ಚಾರ್ಜರುಗಳು ಗಲಾಟೆ ಮಾಡುವ ಹೊತ್ತಿಗೆ ಕಡಿಮೆ ಹೊರೆ, ಸೊನ್ನೆಯ ಆಸುಪಾಸಿನಲ್ಲಿ ಹೆಚ್ಚು. ಅಡುಗೆಮನೆಯಲ್ಲಿ ಯಾರಾದರೂ ಮಿಕ್ಸಿ ಹಾಕಿದರೆ ಪಟ್ಟಿ ಹೊಸದಾಗಿ ಬರೆಯಲ್ಪಡುತ್ತದೆ. ವೇಗ ಇಳಿಯುತ್ತದೆ, ಆದರೆ ಮಾತು ಕಡಿಯುವುದಿಲ್ಲ.

ಇಷ್ಟು ತಿಳಿದ ಮೇಲೆ, ಅಡಾಪ್ಟರನ್ನು ಎಲ್ಲಿ ಸಿಕ್ಕಿಸಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಎರಡು ಕೋಣೆಗಳ ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆದು ಉಪಯೋಗವಿಲ್ಲ. ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಪಾಯಿಂಟುಗಳು ಬೇರೆ ಬೇರೆ ಎಂಸಿಬಿಯಿಂದ ಬಂದಿದ್ದರೆ, ಸಂಕೇತ ಮೇನ್ ಬೋರ್ಡಿನವರೆಗೆ ಹೋಗಿ ಮರಳಬೇಕು. ಮನೆಗೆ ತ್ರೀ ಫೇಸ್ ಸಂಪರ್ಕವಿದ್ದು ಮಹಡಿಗೊಂದು ಫೇಸ್ ಹಂಚಿದ್ದರೆ ಇನ್ನೂ ಕಷ್ಟ: ಒಂದು ಫೇಸಿನಿಂದ ಇನ್ನೊಂದಕ್ಕೆ ಲೋಹದ ಸಂಪರ್ಕವಿಲ್ಲ, ಅಕ್ಕಪಕ್ಕ ಮಲಗಿದ ತಂತಿಗಳ ನಡುವೆ ಸೋರಿ ದಾಟಿದಷ್ಟೇ ಲಾಭ. ಮೇನ್ ಬೋರ್ಡಿನ ಬಾಗಿಲು ತೆರೆದು ಯಾವ ಎಂಸಿಬಿ ಇಳಿಸಿದರೆ ಯಾವ ಪಾಯಿಂಟು ಸಾಯುತ್ತದೆ ಎಂದು ಒಮ್ಮೆ ನೋಡಿಟ್ಟುಕೊಳ್ಳುವುದು ದುಬಾರಿ ಮಾಡೆಲ್ ಕೊಳ್ಳುವುದಕ್ಕಿಂತ ಮೇಲು.

ಸ್ಪೈಕ್ ಬಸ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಅಡಾಪ್ಟರನ್ನು ಹಾಕಲೇಬಾರದು. ಅದರೊಳಗಿನ ಫಿಲ್ಟರ್ ಇರುವುದೇ ಅತಿ ಆವರ್ತನದ ಅಲೆಗಳನ್ನು ಕೊಲ್ಲಲು. ಗದ್ದಲ ಯಾವುದು, ನಿಮ್ಮ ಮಗಳ ಆನ್‌ಲೈನ್ ಪಾಠ ಯಾವುದು ಎಂದು ಅದಕ್ಕೆ ತಿಳಿಯದು. ಕಂಪ್ಯೂಟರ್ ಯುಪಿಎಸ್ಸಿನ ಕಥೆಯೂ ಅದೇ. ನೇರವಾಗಿ ಗೋಡೆಯ ಪಾಯಿಂಟಿಗೇ ಸಿಕ್ಕಿಸಿ. ಇರುವುದೊಂದೇ ಪಾಯಿಂಟಾದರೆ, ಮುಖದ ಮೇಲೆ ಸಾಕೆಟ್ ಇರುವ ಅಡಾಪ್ಟರ್ ಸಿಗುತ್ತದೆ; ಬೋರ್ಡನ್ನು ಅದಕ್ಕೆ ಸಿಕ್ಕಿಸಿದರೆ ಅಡಾಪ್ಟರಿನ ಒಳಗಿನ ಫಿಲ್ಟರು ಬೋರ್ಡಿನ ಗದ್ದಲವನ್ನು ಬೇರ್ಪಡಿಸಿಡುತ್ತದೆ.

ನಮ್ಮ ಮನೆಗಳಲ್ಲಿ ಇನ್ವರ್ಟರ್ ಎಂಬ ಇನ್ನೊಂದು ಪ್ರಶ್ನೆ ಇದೆ. ಸಾಮಾನ್ಯವಾಗಿ ಫ್ಯಾನು ದೀಪಗಳಿಗೆ ಇನ್ವರ್ಟರಿನಿಂದ ಬೇರೆಯೇ ಒಂದು ಫೇಸ್ ತಂತಿ ಎಳೆದಿರುತ್ತಾರೆ. ಒಂದು ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಕರೆಂಟು ಇದ್ದಾಗಲೂ ಸಂಕೇತ ಸೊರಗುತ್ತದೆ, ಕರೆಂಟು ಹೋದರೆ ನೇರ ಲೈನಿನದು ಸತ್ತೇಹೋಗುತ್ತದೆ. ರೌಟರಿಗೆಂದು ತಂದಿಟ್ಟ 12 ವೋಲ್ಟಿನ ಪುಟ್ಟ ಯುಪಿಎಸ್ ಇಲ್ಲಿ ನೆರವಿಗೆ ಬರದು, ಅಡಾಪ್ಟರಿಗೆ ಬೇಕಾದದ್ದು 230 ವೋಲ್ಟು. ಕರೆಂಟು ಹೋದಾಗಲೂ ನಡೆಯಬೇಕೆಂದರೆ ಎರಡನ್ನೂ ಇನ್ವರ್ಟರ್ ಲೈನಿನ ಪಾಯಿಂಟುಗಳಿಗೇ ಹಾಕಬೇಕು. ಇನ್ವರ್ಟರು ಸೈನ್ ವೇವ್‌ನದಾಗಿದ್ದರೆ ವಾಸಿ. ಹಾಗೆಯೇ ನಮ್ಮಲ್ಲಿ ಪ್ರತಿ ಪಾಯಿಂಟಿಗೂ ಒಂದು ಸ್ವಿಚ್ ಇರುವುದರಿಂದ, ಮನೆಯವರು ಮಲಗುವ ಮುನ್ನ ಅದನ್ನು ಆರಿಸದಂತೆ ಹೇಳಿಟ್ಟಿರಬೇಕು. ಗುಡುಗು ಸಿಡಿಲಿನ ಹೊತ್ತು ಮಾತ್ರ ಬೇರೆ. ಮಲೆನಾಡು, ಕರಾವಳಿಯ ಏಪ್ರಿಲ್–ಮೇ ಸಂಜೆಗಳಲ್ಲಿ ಅಡಾಪ್ಟರನ್ನು ಪಾಯಿಂಟಿನಿಂದ ಕಿತ್ತಿಡುವುದೇ ಸರಿ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯದಿದ್ದರೂ, ಕರೆಂಟಿನ ತಂತಿಯಿಂದ ಅಡಾಪ್ಟರಿಗೆ, ಅಲ್ಲಿಂದ ಲ್ಯಾನ್ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಅದು ದಾರಿ ಮಾಡಿಕೊಳ್ಳಬಲ್ಲದು.

ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೊಳ್ಳಬೇಡಿ. 600, 1200 ಎಂಬುದು ಪ್ರಯೋಗಾಲಯದ ಕಚ್ಚಾ ವೇಗ. ತಪ್ಪು ತಿದ್ದುವ ಬಿಟ್ಟುಗಳೂ ಅದರಲ್ಲಿ ಸೇರಿವೆ, ಮೇಲಾಗಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ತಂತಿ, ಸರದಿಯ ಮೇಲೆ ಬಳಸಬೇಕು. ಅದರ ಮೂರನೇ ಒಂದು ಪಾಲು ಸಿಕ್ಕರೆ ನಿಮ್ಮ ವೈರಿಂಗು ಒಳ್ಳೆಯದಿದೆ ಎಂದರ್ಥ. 600 ಎಂದು ಬರೆದ ಕೆಲವು ಅಡಾಪ್ಟರುಗಳ ಲ್ಯಾನ್ ಪೋರ್ಟೇ 100 ಮೆಗಾಬಿಟ್ಟಿನದು, ಅದರಿಂದಾಚೆಗೆ ಹೋಗಲು ಸಾಧ್ಯವೇ ಇಲ್ಲ. ಇನ್ನು ಎವಿ-2ರ ದುಬಾರಿ ಮಾಡೆಲ್ಲುಗಳು ಫೇಸ್–ನ್ಯೂಟ್ರಲ್ ಜೊತೆಗೆ ಅರ್ಥ್ ತಂತಿಯನ್ನೂ ಬಳಸಿ ವೇಗ ಹೆಚ್ಚಿಸುತ್ತವೆ. ಮೂರನೇ ತೂತಿಗೆ ಅರ್ಥ್ ತಂತಿಯೇ ಎಳೆಯದ ಹಳೆಯ ಮನೆಯಲ್ಲಿ ಆ ಹಣ ವ್ಯರ್ಥ. ಅರ್ಥಿಂಗ್ ಸರಿಪಡಿಸಿಕೊಳ್ಳಲು ಆ ಹಣ ಬಳಸಿದರೆ ಜೀವವೂ ಉಳಿದೀತು. ಹೊಸ ಮನೆ ಕಟ್ಟಿಸುವವರಿಗೆ ಈ ಯಂತ್ರವೇ ಬೇಡ. ಪ್ಲಾಸ್ಟರಿಂಗಿಗೆ ಮುಂಚೆ ಕರೆಂಟಿನ ಪೈಪಿನ ಪಕ್ಕ ಬೇರೊಂದು ಪೈಪು ಹಾಕಿಸಿ ಲ್ಯಾನ್ ಕೇಬಲ್ ಎಳೆಸಿಬಿಡಿ.

ಸಂಕೇತ ನಿಮ್ಮ ಮೀಟರಿನಲ್ಲಿ ನಿಂತುಬಿಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ತಂತಿಗೆ ಅದು ಸೋರುತ್ತದೆ. ಮಾಹಿತಿಯನ್ನು 128 ಬಿಟ್‌ನ ಎಇಎಸ್ ಗೂಢಲಿಪಿಯಲ್ಲಿ ಕಳಿಸುತ್ತಾರೆ ನಿಜ, ಆದರೆ ಕಾರ್ಖಾನೆಯಿಂದ ಬರುವ ಎಷ್ಟೋ ಅಡಾಪ್ಟರುಗಳಲ್ಲಿ ಕೀಲಿ ಒಂದೇ. ಎರಡರ ಮೇಲೂ ಇರುವ ಪೇರ್ ಗುಂಡಿಯನ್ನು ಒಂದಾದ ಮೇಲೊಂದು ಒತ್ತಿದರೆ ಅವು ತಮ್ಮದೇ ಹೊಸ ಕೀಲಿ ಹಾಕಿಕೊಳ್ಳುತ್ತವೆ. ಸೋರಿಕೆ ಗಾಳಿಗೂ ಆಗುತ್ತದೆ. ಗೋಡೆಯ ತಂತಿಗೆ ಹೆಣಿಗೆಯಿಲ್ಲ, ಲೋಹದ ಹೊದಿಕೆಯಿಲ್ಲ; ಅದು ಆಂಟೆನಾ ಆಗಿಬಿಡುತ್ತದೆ. ನೆರೆ, ಚಂಡಮಾರುತ ಬಂದು ಮೊಬೈಲ್ ಟವರುಗಳು ಸತ್ತಾಗ ನೆರವಿಗೆ ಬರುವ ಹ್ಯಾಮ್ ರೇಡಿಯೋದವರು ಬಳಸುವ 7 ಮತ್ತು 14 ಮೆಗಾಹರ್ಟ್ಸ್‌ಗಳು ಇದೇ ಆವರ್ತನಗಳ ನಡುವೆ ಇವೆ. ಆ ಕಾರಣಕ್ಕೇ ಹ್ಯಾಮ್‌ಗಳ ಆವರ್ತನದ ಮೇಲೆ ಬೀಳುವ ವಾಹಕ ಅಲೆಗಳನ್ನು ಬಳಸದೆ ಬಿಡಬೇಕೆಂಬ ನಿಯಮವನ್ನು ಮಾನದಂಡದಲ್ಲೇ ಸೇರಿಸಿದ್ದಾರೆ. ಅಮೆರಿಕದ ಪಟ್ಟಿಯಂತೆ 1155ರಲ್ಲಿ 917 ಮಾತ್ರ ಉಳಿಯುತ್ತವೆ. ಇದು ಒಳ್ಳೆಯ ತ್ಯಾಗ ಎಂದೇ ನನ್ನ ಅಭಿಪ್ರಾಯ.

ವೈಫೈ ಮೆಶ್ ಪೆಟ್ಟಿಗೆಗಳು ಬಂದ ಮೇಲೆ ಮನೆಗಳಲ್ಲಿ ಪವರ್‌ಲೈನ್ ಅಡಾಪ್ಟರಿಗೆ ಬೇಡಿಕೆ ತಗ್ಗಿದೆ. ಆದರೆ ಅದೇ ತಂತ್ರಜ್ಞಾನ ಈಗ ರಸ್ತೆಬದಿಗೆ ಬಂದು ನಿಂತಿದೆ. ಸಿಸಿಎಸ್-2 ಗನ್ನಿನಿಂದ ಡಿಸಿ ವೇಗದ ಚಾರ್ಜ್ ಪಡೆಯುವ ಎಲೆಕ್ಟ್ರಿಕ್ ಕಾರು ‘ನನ್ನ ಬ್ಯಾಟರಿಗೆ ಇಷ್ಟು ವೋಲ್ಟು, ಇಷ್ಟು ಆಂಪಿಯರ್ ಕೊಡು’ ಎಂದು ಚಾರ್ಜರಿಗೆ ಹೇಳುವುದು ಹೋಮ್‌ಪ್ಲಗ್ ಗ್ರೀನ್ ಫೈ ಎಂಬ, ಇದೇ ಕುಟುಂಬದ ನಿಧಾನದ ಆದರೆ ಗಟ್ಟಿಯಾದ ರೂಪದಲ್ಲಿ, ಗನ್ನಿನೊಳಗಿನ ಕಂಟ್ರೋಲ್ ಪೈಲಟ್ ಎಂಬ ತೆಳು ತಂತಿಯ ಮೇಲೆ. ಅಲ್ಲೂ ಸೋರಿಕೆ ತಪ್ಪಿದ್ದಲ್ಲ. ಸಾಲಾಗಿ ನಿಂತ ನಾಲ್ಕು ಚಾರ್ಜರುಗಳಲ್ಲಿ ಪಕ್ಕದ್ದಕ್ಕೂ ಕಾರಿನ ಮಾತು ಕೇಳಿಸಬಹುದು, ಹಾಗಾದರೆ ಕಾರು ಬೇಡಿದ ಕರೆಂಟನ್ನು ಯಾವ ಚಾರ್ಜರು ಕೊಡಬೇಕು? ಕಾರು ಮೊದಲು ಅಳತೆಯ ಸಂಕೇತಗಳನ್ನು ಕಳಿಸುತ್ತದೆ. ಕೇಳಿಸಿಕೊಂಡ ಪ್ರತಿ ಚಾರ್ಜರೂ ಅದು ತನ್ನನ್ನು ಮುಟ್ಟುವಾಗ ಎಷ್ಟು ಸೊರಗಿತ್ತು ಎಂದು ತಿಳಿಸುತ್ತದೆ. ಸೋರಿ ಬಂದ ಸಂಕೇತ ಹೆಚ್ಚು ಸೊರಗಿರುತ್ತದೆ, ನೇರ ತಂತಿಯಲ್ಲಿ ಬಂದದ್ದು ಕಡಿಮೆ. ಎಲ್ಲಕ್ಕಿಂತ ಕಡಿಮೆ ಸೊರಗಿದ್ದನ್ನು ವರದಿ ಮಾಡಿದ ಚಾರ್ಜರನ್ನೇ ಕಾರು ತನ್ನದೆಂದು ಆರಿಸಿಕೊಂಡು, ಆಮೇಲೆ ಬ್ಯಾಟರಿಯ ವಿಷಯ ಎತ್ತುತ್ತದೆ.