ಗಿಟಾರ್ ಹಿಡಿದ ಷರೀಫಜ್ಜ

ಗಳಗನಾಥಕ್ಕ ಬಂದ್ರ ಗಳಗೇಶ್ವರನ ಗುಡಿ ನೋಡಿ ಹೊಳಿ ದಂಡಿಗೆ ಇಳೀರಿ. ವರದಾ ಇಲ್ಲೇ ತುಂಗಭದ್ರೆಗೆ ಕೂಡ್ತದ. ಕೂಡಿದ ಮ್ಯಾಲೆ ಯಾವ ನೀರು ಯಾರದು ಅಂತ ಕೇಳಬ್ಯಾಡ್ರಿ.

ಇದೇ ಹಾವೇರಿ ಜಿಲ್ಲೆಯಾಂವ ಶಿಶುನಾಳ ಷರೀಫಜ್ಜ. ಹುಟ್ಟಿದ್ದು 1819. ಗುರು ಗೋವಿಂದ ಭಟ್ಟರು. ಅಜ್ಜನ ಪದ ಭಜನಿ ಮ್ಯಾಳದಾಗ ಬೆಳದ್ವು, ಸಿ. ಅಶ್ವತ್ಥ್ ಹಾಡಿದ ಮ್ಯಾಲೆ ಮನಿಮನಿ ಮುಟ್ಟಿದ್ವು.

ಆಮ್ಯಾಲೆ ಬಂದಾವ್ರು ಮೈಸೂರಾಗ ಬೆಳದ ರಘು ದೀಕ್ಷಿತ್. ಓದಿದ್ದು ಮೈಕ್ರೋಬಯಾಲಜಿ, ಕಲ್ತಿದ್ದು ಭರತನಾಟ್ಯ, ಹಿಡದಿದ್ದು ಗಿಟಾರ್! ಮೊದಲು 'ಅಂತರಾಗ್ನಿ' ಬ್ಯಾಂಡ್, ನಂತರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. 2008ರಾಗ ವಿಶಾಲ್–ಶೇಖರ್ ಜೋಡಿ ಇವರ ಮೊದಲ ಆಲ್ಬಮ್ ಹೊರಗ ತಂತು. ಅದರಾಗ ಹಿಂದಿ ಹಾಡು, ಇಂಗ್ಲಿಷ್ ಹಾಡು, ನಟ್ಟನಡುವ ನಮ್ಮಜ್ಜನ ಗುಡಗುಡಿ ಪದ. ಡ್ರಮ್ಸ್, ಬೇಸ್ ಗಿಟಾರ್, ಜೋಡಿಗೆ ಪಿಟೀಲು. ಇದು ರಾಕೋ, ಜಾನಪದನೋ? ಆಲ್ಬಮ್ ಮಾರೋರಿಗೆ ಬೇಕು ಆ ಹೆಸರು, ಕೇಳೋರಿಗ್ಯಾಕ?

2010ರಾಗ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ. 2011ರಾಗ ಗ್ಲಾಸ್ಟನ್‌ಬರಿ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. ಕಾಲಾಗ ಗೆಜ್ಜಿ, ಉಟ್ಟಿದ್ದು ಲುಂಗಿ. 2013ರ 'ಜಗ್ ಚಂಗಾ'ದಾಗ ಮತ್ತ ಅಜ್ಜ ಬಂದ, ಈ ಸಲ ಕೋಡಗ-ಕೋಳಿ ಪದ ಹಿಡಕೊಂಡು.

ನಂದೊಂದು ತಕರಾರು ಐತ್ರಿ. ಭಜನಿಯಾಗ ಪದ ನಿಲ್ಲಿಸಿ, ಒಳಗಿನ ಅರ್ಥ ಬಿಚ್ಚಿ ಹೇಳೋ ಹಿರಿಯರು ಇರ್ತಾರ. ಬ್ಯಾಂಡಿನಾಗ ಅಷ್ಟು ಪುರಸೊತ್ತಿಲ್ಲ. ಆದ್ರೂ ಆ ಹಾಡು ಹತ್ತಿದ್ರ ನನ್ನ ಕಾಲು ಸುಮ್ನಿರಂಗಿಲ್ಲ.