ದೋಣಿಯ ಎಂಜಿನ್‌ಗೆ ಫ್ಯಾನ್ ಯಾಕೆ?

ಪ್ರಶ್ನೆ: ಎಂಜಿನ್ ಒಡಲೊಳಗೇ ಇರುವ ಪೆಟ್ರೋಲ್ ದೋಣಿಯಲ್ಲಿ ಚಾವಿ ತಿರುಗಿಸುವ ಮೊದಲು ಫ್ಯಾನ್ ಓಡಿಸುತ್ತಾರಂತೆ. ನಮ್ಮ ಬೀದರಿನ ನೌಬಾದ್ ಕರೇಜ್ ಎಂಬ ನೀರಿನ ಸುರಂಗಕ್ಕೆ ಇರುವಂತೆ ಮೇಲೊಂದು ಕಿಂಡಿ ಬಿಟ್ಟರೆ ಸಾಲದೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಸಾಲದು. ಬಹಮನಿ ಕಾಲದ ಆ ಸುರಂಗಕ್ಕೆ ಗಾಳಿ ಬೆಳಕು ಬಂದರಾಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಕಿಂಡಿಯತ್ತ ಏಳದೆ ತಳಕ್ಕಿಳಿದು ಕೂರುತ್ತದೆ. ಕಾರಿನಲ್ಲಿ ಸೋರಿದ್ದು ರಸ್ತೆಗೆ ಬಿದ್ದು ಹಾರಿಹೋಗುತ್ತದೆ, ದೋಣಿಯ ತಳಕ್ಕೆ ತೂತಿಲ್ಲವಲ್ಲ! ಗಾಳಿಯಲ್ಲಿ ಆವಿ ಸುಮಾರು ಶೇ. 1.4ರಷ್ಟು ಬೆರೆತರೂ ಸ್ಟಾರ್ಟರಿನ ಒಂದೇ ಕಿಡಿಗೆ ಸ್ಫೋಟವಾಗಬಹುದು.

ಹಾಗಾಗಿ ಫ್ಯಾನಿನ ಆವಿ ಹೀರುವ ಕೊಳವೆಯ ಬಾಯಿ ಎಂಜಿನ್ ಕೋಣೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿರಬೇಕು. ಆದರೆ ತಳದಲ್ಲಿ ನಿಲ್ಲುವ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಫ್ಯಾನಿನ ಸದ್ದಷ್ಟೇ ಉಳಿಯುತ್ತದೆ. ಹೊಸ ಗಾಳಿ ಒಳಬರಲು ಬೇರೆಯದೇ ದಾರಿ ಬೇಕು. ಅಮೆರಿಕದಲ್ಲಿ 1980ರ ಆಗಸ್ಟ್‌ನಿಂದೀಚೆಗೆ ತಯಾರಾದ ಇಂಥ ದೋಣಿಗಳಿಗೆ ಫ್ಯಾನ್ ಕಡ್ಡಾಯ. ಚಾಲು ಮಾಡುವ ಮುಂಚೆ ನಾಲ್ಕು ನಿಮಿಷ ಓಡಿಸಿ ಎಂಬ ಫಲಕವೂ ಇರಬೇಕು. ಪೆಟ್ರೋಲ್ ತುಂಬುವಾಗ ಫ್ಯಾನ್ ಬಂದ್, ಬಾಗಿಲುಗಳೂ ಬಂದ್. ತುಂಬಿದ ಮೇಲೆ ಎಲ್ಲ ತೆರೆದು ಫ್ಯಾನ್ ಓಡಿಸಬೇಕು. ಆಮೇಲೂ ಮೂಗಿನಿಂದ ನೋಡಿ. ವಾಸನೆ ಬಂದರೆ ಚಾವಿ ಮುಟ್ಟಬೇಡಿ, ಸೋರಿಕೆ ಹುಡುಕಿ. ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಫ್ಯಾನ್ ಜೋಡಿಸುವುದಂತೂ ಬೇಡವೇ ಬೇಡ. ಕಿಡಿ ಹೊರಬರದಂತೆ ಮಾಡಿದ ದೋಣಿಯ ಫ್ಯಾನೇ ಬೇಕು.

ನಿಮ್ಮ ತಾಲೂಕಿನ ಕಾರಂಜಾದಂಥ ಜಲಾಶಯಕ್ಕೆ ನನ್ನ ಮತ ಹಿಂಬದಿಗೆ ತೂಗುಹಾಕುವ ಎಂಜಿನ್‌ಗೇ. ಅದು ಬಯಲಲ್ಲೇ ಇರುತ್ತದೆ. ಎತ್ತಿಕೊಂಡು ಹೋಗುವಂಥ ಪೆಟ್ರೋಲ್ ಡಬ್ಬಿಯನ್ನು ಮಾತ್ರ ದಡಕ್ಕೆ ತಂದು ತುಂಬಿಸಿ.