ದಂಡಿನಿಂದ ಹಳ್ಳಿಗೆ ಹೊರಟ ಗಾಡಿ

ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಈಗಿನ ಗೋಪುರದ ಕಟ್ಟಡ ಮುಗಿದದ್ದು 1882ರಲ್ಲಿ. ಅದಕ್ಕೂ ಮೊದಲು, 1818ರಲ್ಲಿ, ಬ್ಲ್ಯಾಕ್‌ಪಳ್ಳಿ ಎನ್ನುತ್ತಿದ್ದ ಈ ಜಾಗದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದ್ದ ಪುಟ್ಟ ಗುಡಿಯೊಂದಿತ್ತು. ದುಬುವಾ ಒಂದೆಡೆ ನಿಂತವರಲ್ಲ. ಪೇಟ ಸುತ್ತಿ, ಈ ನೆಲದವರಂತೆ ಉಟ್ಟು, ಮಾಂಸ ತೊರೆದು ಮೈಸೂರು ಸೀಮೆಯ ಹಳ್ಳಿಗಳನ್ನು ಸುತ್ತಿದವರು. ಸಿಡುಬಿನ ಲಸಿಕೆಗೆ ಜನ ಬೆದರುತ್ತಿದ್ದ ಕಾಲದಲ್ಲಿ, 1803–04ರಲ್ಲಿ, 25,000ಕ್ಕೂ ಹೆಚ್ಚು ಮಂದಿಗೆ ಅದನ್ನು ಹಾಕಿಸಿದರು. ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ದುಬುವಾ ಈ ಸೀಮೆಯಲ್ಲಿದ್ದಾಗಲೇ, 1809ರಲ್ಲಿ, ಹಲಸೂರಿನ ಬಳಿ ಬ್ರಿಟಿಷರ ದಂಡು ಬೀಡುಬಿಟ್ಟಿತು. 1820ರಲ್ಲಿ ಲಂಡನ್ ಮಿಷನ್ನಿನ ಲೈಡ್ಲರ್ ಮತ್ತು ಫೋರ್ಬ್ಸ್ ಬಂದರು. ದಂಡಿನಲ್ಲಿ ಇಂಗ್ಲಿಷ್, ತಮಿಳು ಸಾಕಿತ್ತು; ಸಿಪಾಯಿಗಳು, ಅಡುಗೆಯವರು, ವ್ಯಾಪಾರಿಗಳಲ್ಲಿ ಬಹಳ ಮಂದಿ ಮದರಾಸು ಕಡೆಯವರು. ಅಲ್ಲಿಂದಾಚೆಯ ಹಳ್ಳಿಗಳಲ್ಲಿ ಕನ್ನಡವಿಲ್ಲದೆ ಬಾಯಿ ತೆರೆಯುವಂತಿರಲಿಲ್ಲ. ಮಿಷನ್ನಿನ ಇತಿಹಾಸ ನನಗೆ ಆಪ್ತವಾಗುವುದು ಇಲ್ಲಿಂದ. ಕಲಿಸಲು ಹೊರಟವರು ಮೊದಲು ಕಲಿಯಲು ಕೂತರು.

1837ರಲ್ಲಿ ಬಂದ ಇದೇ ಮಿಷನ್ನಿನ ಬೆಂಜಮಿನ್ ರೈಸ್ ಐವತ್ತು ವರ್ಷ ಇಲ್ಲೇ ದುಡಿದು 1887ರಲ್ಲಿ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರದೇ ನೆನಪು. ಪೇಟೆಯಲ್ಲಿ ಶಾಲೆ, ಬೈಬಲ್ಲಿನ ಕನ್ನಡ ಅನುವಾದದ ಪರಿಷ್ಕರಣೆ. ನಡುನಡುವೆ ಹಳ್ಳಿ ಸಂಚಾರ. ಮಳೆ ನಿಂತು ಗಾಡಿದಾರಿ ಗಟ್ಟಿಯಾದ ಮೇಲೆ ಎತ್ತಿನ ಗಾಡಿಯಲ್ಲಿ ಡೇರೆ, ಪಾತ್ರೆ, ಪುಸ್ತಕದ ಗಂಟು ಹೇರಿಕೊಂಡು ಹೊರಡುವುದು ಮಿಷನ್ನಿನವರ ಪದ್ಧತಿ. ಜೊತೆಗೆ ಊರ ಭಾಷೆ ಬಲ್ಲ ಉಪದೇಶಿಗಳು. ತೋಪಿನಲ್ಲಿ ಬೀಡು, ಸಂತೆ, ಜಾತ್ರೆ, ಚಾವಡಿ ಕಟ್ಟೆಯೇ ವೇದಿಕೆ. ಊರ ದೇವರನ್ನು ಅವರು ಹಳಿದದ್ದೂ ಉಂಟು, ಅದನ್ನು ಮುಚ್ಚಿಡಬೇಕಿಲ್ಲ. ಜನ ಕೇಳಿದರು, ವಾದಿಸಿದರು, ಮನೆಗೆ ಹೋದರು. ಮತ ಬದಲಿಸಿದವರು ಕಡಿಮೆ. ಆದರೆ ಅಚ್ಚಾದ ಕನ್ನಡ ಹಾಳೆ ಎಷ್ಟೋ ಹಳ್ಳಿಗಳಿಗೆ ಮೊದಲು ಬಂದದ್ದು ಈ ಗಾಡಿಗಳಲ್ಲೇ ಇರಬೇಕು ಎಂಬುದು ನನ್ನ ಊಹೆ.

ರೈಸರು ಬಂದ 1837ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಬಿ.ಎಲ್. ರೈಸ್ ಪಾದ್ರಿಯಾಗಲಿಲ್ಲ, ವಿದ್ಯಾ ಇಲಾಖೆ ಸೇರಿದರು. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಮುಂದಿಟ್ಟರು. ಶಾಲೆಗಳ ತಪಾಸಣೆಗೆಂದು ಹಳ್ಳಿ ತಿರುಗುವಾಗ ಅವರ ಕಣ್ಣು ಗುಡಿಯ ಗೋಡೆಯ ಮೇಲೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನ ಮೇಲೆ ಬಿತ್ತು. ತಂದೆ ಹಳ್ಳಿಗೆ ಅಕ್ಷರ ಹೊತ್ತು ಹೋದರೆ, ಮಗ ಹಳ್ಳಿಯ ಅಕ್ಷರವನ್ನೇ ಹೊತ್ತು ತಂದರು: ಸುಮಾರು 9,000 ಶಾಸನ, ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ.

ಆ ಸಾಲಿನಲ್ಲಿ 1905ರ ಬೆಂಗಳೂರು ಜಿಲ್ಲೆಯ ಸಂಪುಟ ಬಿಡಿಸಿದರೆ ಇಂದಿರಾನಗರದ ಪಕ್ಕದ ದೊಮ್ಮಲೂರು ಸಿಗುತ್ತದೆ. ಅಲ್ಲಿನ ಚೊಕ್ಕನಾಥ ಗುಡಿಯ ಕಲ್ಲುಗಳಲ್ಲಿ ಊರ ಹೆಸರು ತೊಂಬಲೂರು, ದೇಶಿಮಾಣಿಕ್ಕಪಟ್ಟಣ. ಬರಹ ತಮಿಳಿನದು, ದಂಡು ಬರುವುದಕ್ಕೆ ಐದಾರು ಶತಮಾನ ಹಿಂದಿನದು.